ಹೊಡೆತದ ಎಣಿಕೆಯನ್ನು ಎಷ್ಟು ನಂಬಬಹುದು?

ಪ್ರಶ್ನೆ: ಮೆತ್ತನೆಯ ಜೇಡಿಮಣ್ಣಿನಲ್ಲಿ 20 ಮೀಟರ್ ಉದ್ದದ, 400 ಮಿ.ಮೀ. ಚೌಕದ ಕಾಂಕ್ರೀಟ್ ಪೈಲ್‌ಗಳನ್ನು (ಅಡಿಪಾಯದ ಕಂಬಗಳನ್ನು) ಹ್ಯಾಮರ್‌ನಿಂದ ಹೊಡೆದು ಇಳಿಸಿದೆವು. ಕೊನೆಯ ಹೊಡೆತಗಳಿಗೂ ಅವು ಸಲೀಸಾಗಿ ಇಳಿಯುತ್ತಿದ್ದವು. ಇನ್ನಷ್ಟು ಉದ್ದ ಜೋಡಿಸಿ ಇಳಿಸಬೇಕೇ, ಅಥವಾ ಪರೀಕ್ಷಿಸಿ ನೋಡಬೇಕೇ?

ಉತ್ತರ: ಉದ್ದ ಜೋಡಿಸುವ ಅವಸರ ಬೇಡ. ಪೈಲ್ ನುಗ್ಗುವಾಗ ಸುತ್ತಲಿನ ಜೇಡಿಮಣ್ಣು ಕದಡಿ, ಅದರ ರಂಧ್ರಗಳಲ್ಲಿನ ನೀರಿನ ಒತ್ತಡ ಏರುವುದರಿಂದ, ಆ ಹೊತ್ತಿನಲ್ಲಿ ಮಣ್ಣಿನ ಹಿಡಿತ ಬಹಳ ಸಡಿಲವಾಗಿರುತ್ತದೆ. ಒತ್ತಡ ಇಳಿದಂತೆ ಹಿಡಿತ ಬಿಗಿಯಾಗುತ್ತ ಹೋಗುತ್ತದೆ. ದಟ್ಟವಾದ, ನೀರು ತುಂಬಿದ ನುಣ್ಣನೆಯ ಮರಳಿನಲ್ಲಿ ಕೆಲವೊಮ್ಮೆ ಇದಕ್ಕೆ ವಿರುದ್ಧವಾಗಿ, ಮೊದಲು ಗಟ್ಟಿಯೆನಿಸಿದ ಪೈಲ್ ಆಮೇಲೆ ಸಡಿಲವಾಗುವುದೂ ಉಂಟು. ಕೊನೆಯ ಹೊಡೆತಗಳ ಎಣಿಕೆ ಹೇಳುವುದು ಆ ಕ್ಷಣದ ಪ್ರತಿರೋಧವನ್ನು ಮಾತ್ರ.

ಆದ್ದರಿಂದ ಒಂದೆರಡು ವಾರ ಬಿಟ್ಟು, ಪೈಲ್‌ನ ತಲೆಯಿಂದ ತುಸು ಕೆಳಗೆ, ಎದುರುಬದುರು ಮುಖಗಳಲ್ಲಿ ಸ್ಟ್ರೇನ್ (ಹೊಡೆತಕ್ಕೆ ಪೈಲ್ ಕುಗ್ಗುವ ಪ್ರಮಾಣ) ಮತ್ತು ವೇಗೋತ್ಕರ್ಷ ಅಳೆಯುವ ಸೆನ್ಸರ್‌ಗಳನ್ನು ಬಿಗಿದು ಮತ್ತೆ ಹೊಡೆಸಿರಿ. ಆ ಅಳತೆಗಳಿಂದ ಪೈಲ್ ಹೊರಬಲ್ಲ ಭಾರವನ್ನು ಲೆಕ್ಕ ಹಾಕುತ್ತಾರೆ. ಮೊದಲ ಕೆಲವು ಹೊಡೆತಗಳ ದಾಖಲೆಯೇ ಮುಖ್ಯ, ಏಕೆಂದರೆ ಹೊಡೆಯುತ್ತ ಹೋದಂತೆ ಮಣ್ಣು ಗಳಿಸಿದ ಹಿಡಿತವನ್ನು ನಾವೇ ಕಳೆಯುತ್ತೇವೆ. ಹೊಡೆತಕ್ಕೆ ಪೈಲ್ ಕದಲದೇ ಹೋದರೆ ಸಿಕ್ಕ ಅಂಕಿಯು ಕನಿಷ್ಠ ಸಾಮರ್ಥ್ಯವಷ್ಟೇ ಆಗಿರುತ್ತದೆ. ಹ್ಯಾಮರ್‌ಗೆ ಪೂರ್ತಿ ಪ್ರತಿರೋಧವನ್ನು ಎಬ್ಬಿಸುವ ಶಕ್ತಿ ಸಾಲಲಿಲ್ಲವೆಂದು ತಿಳಿಯಬೇಕು.

ಆದರೂ ಒಂದು ಪೈಲ್‌ಗಾದರೂ ಜ್ಯಾಕ್‌ನಿಂದ ಹಂತಹಂತವಾಗಿ ಭಾರ ಹೇರುವ ಸ್ಥಿರ ಪರೀಕ್ಷೆ ಮಾಡಿಸಿರೆಂಬುದು ನನ್ನ ಸಲಹೆ. ಕುಸಿತ ಅಳೆಯುವ ಡಯಲ್ ಗೇಜ್‌ಗಳನ್ನು ಹೊತ್ತ ಉಕ್ಕಿನ ತೊಲೆಗೆ ನೆರಳು ಮಾಡಿರಿ. ಬಿಸಿಲಿಗೆ ತೊಲೆ ಬಾಗಿದರೆ ಪೈಲ್ ಅಲುಗದಿದ್ದರೂ ಮುಳ್ಳು ಓಡುತ್ತದೆ. ಫಲಿತಾಂಶ ಓದಲು ಡೇವಿಸನ್ ವಿಧಾನವನ್ನು, ಅಂದರೆ ಎಷ್ಟು ಕುಸಿದರೆ ಪೈಲ್ ಸೋತಂತೆ ಎಂಬ ಮಿತಿಯನ್ನು ಗೊತ್ತುಮಾಡುವ ಲೆಕ್ಕವನ್ನು, ಬಳಸಬಹುದು. ಕಾಂಕ್ರೀಟಿನ ಸ್ಥಿತಿಸ್ಥಾಪಕ ಗುಣಾಂಕವನ್ನು (ಭಾರಕ್ಕೆ ಕುಗ್ಗದಿರುವ ಅದರ ಬಿಗುವಿನ ಅಳತೆಯನ್ನು) 30 ಗಿಗಾಪ್ಯಾಸ್ಕಲ್ ಎಂದು ಹಿಡಿದರೆ, 1500 ಕಿಲೋನ್ಯೂಟನ್ ಭಾರಕ್ಕೆ ನಿಮ್ಮ ಪೈಲ್ ತಾನೇ ಸುಮಾರು 6.3 ಮಿ.ಮೀ. ಕುಗ್ಗಬಹುದು. ಅದಕ್ಕೆ ಈ ವಿಧಾನದ ಸ್ಥಿರ ಅಂಕಿಯಾದ 3.8 ಮಿ.ಮೀ.ಯನ್ನೂ, ಪೈಲ್ ಅಗಲದ 120ನೇ ಒಂದು ಭಾಗವಾದ 3.3 ಮಿ.ಮೀ.ಯನ್ನೂ ಕೂಡಿದರೆ ಸುಮಾರು 13.4 ಮಿ.ಮೀ. ಆಗುತ್ತದೆ. ಆ ಭಾರದಲ್ಲಿ ತಲೆಯ ಕುಸಿತ ಇದಕ್ಕಿಂತ ಕಡಿಮೆಯಿದ್ದರೆ ಪೈಲ್ ಇನ್ನೂ ಸೋತಿಲ್ಲ. ಆದರೆ ಅಷ್ಟೂ ಭಾರವನ್ನು ಕಟ್ಟಡಕ್ಕೆ ಬಳಸುವಂತಿಲ್ಲ. ಸುರಕ್ಷತಾ ಅಂಶದಿಂದ (ಅನಿಶ್ಚಿತತೆಗಾಗಿ ಇಟ್ಟುಕೊಳ್ಳುವ, ಒಂದಕ್ಕಿಂತ ದೊಡ್ಡ ಸಂಖ್ಯೆಯಿಂದ) ಭಾಗಿಸಿದ ಮೇಲೆ ಉಳಿಯುವುದೇ ನಿಮ್ಮ ಲೆಕ್ಕಕ್ಕೆ ಸಿಗುವ ಭಾರ.