ಐಟಿ ಕೆಲಸ, ಮನೆ, ಜೊತೆಗೆ ಪಿಯುಸಿ ಗಣಿತ ಟ್ಯೂಷನ್: ಮೂರನ್ನೂ ನಿಭಾಯಿಸಲು ಆಗುತ್ತಾ?

ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ, ಮನೆಯವರೂ ಕೆಲಸಕ್ಕೆ ಹೋಗುತ್ತಾರೆ, ಶಾಲೆಗೆ ಹೋಗುವ ಇಬ್ಬರು ಮಕ್ಕಳಿದ್ದಾರೆ. ಹೀಗಿರುವಾಗ ವಾರಾಂತ್ಯದಲ್ಲಿ ಸೆಕೆಂಡ್ ಪಿಯುಸಿ ಗಣಿತ ಹೇಳಿಕೊಡಬಹುದಾ, "ವಾರಕ್ಕೆ ಮೂರು ಗಂಟೆ ತಾನೇ" ಎಂದು ಕೇಳಿದ್ದೀರಿ. ಖಂಡಿತ ಆಗುತ್ತದೆ. ಆದರೆ ಆ ಮೂರು ಗಂಟೆಯ ಲೆಕ್ಕ ತಪ್ಪು, ಮುಂದಿನ ತಾಪತ್ರಯಗಳೆಲ್ಲ ಶುರುವಾಗುವುದೇ ಅಲ್ಲಿಂದ.

12 ಮಕ್ಕಳ ಒಂದೇ ಬ್ಯಾಚ್, ಶನಿವಾರ ಮತ್ತು ಭಾನುವಾರ ಬೆಳಿಗ್ಗೆ 7ರಿಂದ 8.30 ಎಂದಿಟ್ಟುಕೊಳ್ಳಿ. ಪಾಠ ಮೂರು ಗಂಟೆ. ಮೊದಲ ವರ್ಷ ಒಂದು ಗಂಟೆ ಪಾಠಕ್ಕೆ ಒಂದೂವರೆ ಗಂಟೆ ತಯಾರಿ ಬೇಕು, ಅದು ನಾಲ್ಕೂವರೆ ಗಂಟೆ. ಎರಡು ವಾರಕ್ಕೊಂದು 25 ಅಂಕದ ಟೆಸ್ಟ್ ಇಟ್ಟರೆ, ಹಂತಕ್ಕೆ ಇಷ್ಟು ಅಂಕ ಎಂದು ನೋಡಿ ತಿದ್ದಲು ಒಂದು ಪೇಪರಿಗೆ ಎಂಟು ನಿಮಿಷ. 12 ಪೇಪರಿಗೆ ಒಂದೂವರೆ ಗಂಟೆಗೂ ಮೇಲೆ. ಪ್ರಶ್ನೆಪತ್ರಿಕೆ ತಯಾರಿ, ಮಕ್ಕಳ ಡೌಟು, ಅಪ್ಪ-ಅಮ್ಮಂದಿರ ಫೋನು, ಫೀಸಿನ ಲೆಕ್ಕ ಎಲ್ಲ ಸೇರಿದರೆ ವಾರಕ್ಕೆ ಹತ್ತು ಗಂಟೆ ಹಿಡಿಯುತ್ತದೆ. ಈ ಹತ್ತು ಗಂಟೆ ಎಲ್ಲಿಂದ ಬರುತ್ತದೆ ಎಂದು ಮನೆಯಲ್ಲಿ ಕೂತು ಮಾತಾಡದೆ ಶುರು ಮಾಡಬೇಡಿ.

ಫೀಸನ್ನೂ ಈ ಹತ್ತು ಗಂಟೆ ಇಟ್ಟುಕೊಂಡೇ ಲೆಕ್ಕ ಹಾಕಿ. ಜೂನ್‌ನಿಂದ ಜನವರಿವರೆಗೆ ಸುಮಾರು 34 ವಾರ. ತಲೆಗೆ 16,000 ರೂಪಾಯಿಯಂತೆ 1,92,000 ಬಂದರೆ, 340 ಗಂಟೆ ದುಡಿಮೆಗೆ ಗಂಟೆಗೆ ಸುಮಾರು 565 ರೂಪಾಯಿ ಬಿತ್ತು. ಜಾಗದ ಬಾಡಿಗೆ, ಜೆರಾಕ್ಸು ಇದರಲ್ಲೇ ಕಳೆಯಬೇಕು. ಇಷ್ಟು ಸಾಕು ಅನಿಸಿದರೆ ಮುಂದೆ ಓದಿ.

ಫೀಸನ್ನು ತಿಂಗಳ ಲೆಕ್ಕದಲ್ಲಿ ಹೇಳಬೇಡಿ, "60 ಕ್ಲಾಸಿಗೆ ಇಷ್ಟು" ಎಂದು ಹೇಳಿ. ತಿಂಗಳ ಲೆಕ್ಕದಲ್ಲಿ ಹೇಳಿದರೆ ದಸರಾ, ದೀಪಾವಳಿ ಬಂದಾಗಲೆಲ್ಲ "ಈ ತಿಂಗಳು ಆರೇ ಕ್ಲಾಸಲ್ವಾ ಸರ್" ಎಂಬ ಮಾತು ಬರುತ್ತದೆ. ಆಗ ಹಬ್ಬದ ದಿನವೂ ಪಾಠಕ್ಕೆ ಕೂರುತ್ತೀರಿ. ಜೂನ್‌ನಲ್ಲೇ ಕ್ಯಾಲೆಂಡರ್ ಪ್ರಿಂಟ್ ಮಾಡಿ ಕೊಡಿ: ಗೌರಿ-ಗಣೇಶ, ದಸರಾ, ದೀಪಾವಳಿಗೆ ರಜೆ, ನಿಮ್ಮ ಊರಿನ ಜಾತ್ರೆಗೂ ರಜೆ. ಕೊನೆಯಲ್ಲಿ ಮೂರು ಭಾನುವಾರ ಖಾಲಿ ಬಿಡಿ. ಆಫೀಸಿನಲ್ಲಿ ರಿಲೀಸ್ (ಹೊಸ ಸಾಫ್ಟ್‌ವೇರ್ ಬಿಡುಗಡೆ) ಬಂದು ಕ್ಲಾಸ್ ತಪ್ಪಿದರೆ ಅಲ್ಲಿ ತುಂಬಿಸಬಹುದು.

ಪಾಠದ ಹಂಚಿಕೆಯಲ್ಲಿ ಒಂದು ಎಚ್ಚರಿಕೆ. ಪುಸ್ತಕದಲ್ಲಿ 13 ಅಧ್ಯಾಯ ಇವೆ, ಎಲ್ಲಕ್ಕೂ ಸಮನಾಗಿ ಹಂಚಿದರೆ ಅನುಕಲನದಲ್ಲಿ (ಇಂಟಿಗ್ರೇಷನ್) ಸಿಕ್ಕಿಕೊಳ್ಳುತ್ತೀರಿ. ಅದೊಂದಕ್ಕೇ ಒಂಬತ್ತು ಹತ್ತು ಕ್ಲಾಸ್ ಬೇಕು, ತಯಾರಿಯೂ ದುಪ್ಪಟ್ಟು. ಆಫೀಸಿನಲ್ಲಿ ಒತ್ತಡ ಕಡಿಮೆ ಇರುವ ತಿಂಗಳು ನಿಮಗೇ ಗೊತ್ತಿರುತ್ತದೆ, ಅನುಕಲನವನ್ನು ಅಲ್ಲಿಗೆ ಇಡಿ. ಅದಕ್ಕೆ ಮೊದಲು ಅವಕಲನ (ಡಿಫರೆನ್ಸಿಯೇಷನ್) ಮುಗಿದಿರಬೇಕು ಅಷ್ಟೆ. ಮ್ಯಾಟ್ರಿಕ್ಸ್, ಡಿಟರ್ಮಿನೆಂಟ್, ಲೀನಿಯರ್ ಪ್ರೋಗ್ರಾಮಿಂಗ್ ಸ್ವಲ್ಪದರಲ್ಲೇ ಮುಗಿಯುತ್ತವೆ, ಒತ್ತಡದ ವಾರಗಳಿಗೆ ಅವನ್ನು ಉಳಿಸಿಕೊಳ್ಳಿ. ಜನವರಿ ಕೊನೆಗೆ ಪಾಠ ಪೂರ್ತಿ ಮುಗಿಸಿ. ಮಾರ್ಚ್ ಹೊತ್ತಿಗೆ ಬೋರ್ಡ್ ಪರೀಕ್ಷೆ, ನಿಮ್ಮ ಮಕ್ಕಳ ಪರೀಕ್ಷೆ, ಆಫೀಸಿನ ಅಪ್ರೈಸಲ್ ಎಲ್ಲ ಒಟ್ಟಿಗೆ ಬರುತ್ತವೆ. ಫೆಬ್ರವರಿಯಲ್ಲಿ ಡೌಟು ಬಿಟ್ಟು ಬೇರೇನೂ ಇಟ್ಟುಕೊಳ್ಳಬೇಡಿ.

ಡೌಟು ಎಂದಾಗ ವಾಟ್ಸಾಪ್ ನೆನಪಾಯಿತು. ಮನೆಯ ಸಂಜೆಗಳನ್ನು ತಿನ್ನುವುದು ಇದೇ. ರಾತ್ರಿ 10.30ಕ್ಕೆ ಒಂದು ಫೋಟೊ ಬರುತ್ತದೆ, ಒಂದೇ ಲೆಕ್ಕ. ಒಮ್ಮೆ ಉತ್ತರಿಸಿದರೆ ಮರುದಿನದಿಂದ ಹನ್ನೆರಡೂ ಮಕ್ಕಳು ಅದೇ ಹೊತ್ತಿಗೆ ಕಳಿಸುತ್ತಾರೆ. ಗ್ರೂಪಿನಲ್ಲಿ ಅಡ್ಮಿನ್ ಮಾತ್ರ ಬರೆಯುವಂತೆ ಸೆಟ್ ಮಾಡಿ. ಡೌಟುಗಳನ್ನು ನೋಟ್‌ಬುಕ್ಕಿನ ಕೊನೆ ಪುಟದಲ್ಲಿ ಬರೆದಿಟ್ಟುಕೊಳ್ಳಲು ಹೇಳಿ, ಬುಧವಾರ ರಾತ್ರಿ 8.30ರಿಂದ 9.15ರವರೆಗೆ ಆನ್‌ಲೈನಿನಲ್ಲಿ ಒಟ್ಟಿಗೆ ಬಿಡಿಸಿ. ಬುಧವಾರ ಬರುವಷ್ಟರಲ್ಲಿ ಅರ್ಧಕ್ಕರ್ಧ ಡೌಟು ಮಕ್ಕಳೇ ಬಿಡಿಸಿಕೊಂಡಿರುತ್ತಾರೆ. ಕಲಿಕೆಗೂ ಅದೇ ಒಳ್ಳೆಯದು.

ಶನಿವಾರ ಬೆಳಿಗ್ಗೆ ನೀವು ಪಾಠಕ್ಕೆ ಕೂತಾಗ ತಿಂಡಿ ಮಾಡುವುದು, ಮಕ್ಕಳನ್ನು ಎಬ್ಬಿಸುವುದು, ಹಾಲು ತರುವುದು ಎಲ್ಲ ಮನೆಯವರ ತಲೆಗೆ ಬೀಳುತ್ತದೆ. "ಸಹಕಾರ ಕೊಡು" ಎಂದರೆ ಸಾಲದು, ಗಂಟೆಗೆ ಗಂಟೆ ವಾಪಸ್ ಕೊಡಬೇಕು. ಶನಿವಾರ ಮಧ್ಯಾಹ್ನ ಪೂರ್ತಿ ಮಕ್ಕಳು, ಅಡುಗೆ ನಿಮ್ಮದು. ಮನೆಯವರು ಎಲ್ಲಿಗಾದರೂ ಹೋಗಲಿ, ಮಲಗಲಿ. ಸಾಧ್ಯವಾದರೆ ಪಾಠ ಮನೆಯ ಹಾಲ್‌ನಲ್ಲಿ ಬೇಡ. ಹಾಲ್‌ನಲ್ಲಿ ಹನ್ನೆರಡು ಮಕ್ಕಳು ಕೂತರೆ ಮನೆಮಂದಿಗೆಲ್ಲ ಭಾನುವಾರ ಬೆಳಿಗ್ಗೆ ರೂಮೇ ಗತಿ.

ಇನ್ನು ಆಫೀಸಿನ ವಿಷಯ. ಅಪಾಯಿಂಟ್‌ಮೆಂಟ್ ಲೆಟರ್ ತೆಗೆದು ಹೊರಗಿನ ಕೆಲಸದ ಷರತ್ತು ಓದಿ. ಪ್ರತಿಸ್ಪರ್ಧಿ ಕಂಪನಿಗಳಿಗೂ ದುಡಿಯುತ್ತಿದ್ದರು ಎಂಬ ಕಾರಣಕ್ಕೆ 300 ಜನರನ್ನು ತೆಗೆದಿದ್ದಾಗಿ ವಿಪ್ರೊ 2022ರ ಸೆಪ್ಟೆಂಬರಿನಲ್ಲಿ ಹೇಳಿತ್ತು. ಮುಂದಿನ ತಿಂಗಳೇ ಇನ್ಫೋಸಿಸ್, ಮೊದಲೇ ಒಪ್ಪಿಗೆ ಪಡೆದು ಹೊರಗಿನ ಸಣ್ಣ ಕೆಲಸ ಮಾಡಬಹುದು ಎಂದಿತು. ಟ್ಯೂಷನ್‌ನಿಂದ ಕಂಪನಿಗೆ ಪೈಪೋಟಿ ಇಲ್ಲ, ಆದರೂ ಒಪ್ಪಿಗೆ ಬರಹದಲ್ಲಿರಲಿ. ಮೇಲ್‌ನಲ್ಲಿ ನಾಲ್ಕು ಸಾಲು ಸಾಕು: ಏನು ಹೇಳಿಕೊಡುತ್ತೀರಿ, ಯಾವ ವೇಳೆ, ಕಂಪನಿಯ ಲ್ಯಾಪ್‌ಟಾಪ್ ಮತ್ತು ಮೀಟಿಂಗ್ ಅಕೌಂಟ್ ಬಳಸುವುದಿಲ್ಲ, ಪ್ರಚಾರದಲ್ಲಿ ಕಂಪನಿ ಹೆಸರು ಹಾಕುವುದಿಲ್ಲ. ಮ್ಯಾನೇಜರ್ ಬಾಯಲ್ಲಿ ಹೇಳಿದ "ಓಕೆ" ಲೆಕ್ಕಕ್ಕಿಲ್ಲ, ಮ್ಯಾನೇಜರ್ ಬದಲಾಗುತ್ತಾರೆ. "ಹೆಂಡತಿ ಹೆಸರಲ್ಲಿ ನಡೆಸಿ" ಎಂಬ ಸಲಹೆ ಬಂದೇ ಬರುತ್ತದೆ, ಕೇಳಬೇಡಿ. ಪಾಠ ಮಾಡುವವರು ನೀವಾದರೆ ಆದಾಯ ನಿಮ್ಮದೇ, ಜೊತೆಗೆ ಮುಚ್ಚಿಟ್ಟ ಆರೋಪವೂ ಬರುತ್ತದೆ.

ತೆರಿಗೆಯಲ್ಲಿ ಸಂಬಳದವರು ಎಡವುವುದು ಎರಡು ಕಡೆ. ಟ್ಯೂಷನ್ ಆದಾಯ ಬಂದಮೇಲೆ ಸಂಬಳದವರು ತುಂಬುವ ಸರಳ ರಿಟರ್ನ್ ಫಾರಂ ಐಟಿಆರ್-1 ನಡೆಯುವುದಿಲ್ಲ. ಟಿಡಿಎಸ್ (ಸಂಬಳದಲ್ಲೇ ಮೊದಲು ಹಿಡಿದ ತೆರಿಗೆ) ಕಳೆದು ಕಟ್ಟಬೇಕಾದ ತೆರಿಗೆ 10,000 ರೂಪಾಯಿ ಮುಟ್ಟಿದರೆ, ವರ್ಷ ಮುಗಿಯುವ ಮೊದಲೇ ಮುಂಗಡ ತೆರಿಗೆ ಕಟ್ಟಬೇಕು, ಇಲ್ಲವಾದರೆ ಬಡ್ಡಿ ಬೀಳುತ್ತದೆ. ಫೀಸಿಗೆಂದೇ ಬೇರೆ ಉಳಿತಾಯ ಖಾತೆ, ಬೇರೆ ಯುಪಿಐ ಇರಲಿ. ಬಂದದ್ದರಲ್ಲಿ ಶೇ 30 ತೆರಿಗೆಗೆಂದು ಅಲ್ಲೇ ಬಿಡಿ. ಜಿಎಸ್‌ಟಿ ನೋಂದಣಿ ವರ್ಷದ ವಹಿವಾಟು 20 ಲಕ್ಷ ದಾಟಿದರೆ ಮಾತ್ರ, ಸದ್ಯಕ್ಕೆ ಆ ಚಿಂತೆ ಬೇಡ.

ಫಲಿತಾಂಶ ಚೆನ್ನಾಗಿ ಬಂದರೆ ನವೆಂಬರಿನಲ್ಲೂ "ನಮ್ಮ ಹುಡುಗನ್ನ ಸೇರಿಸಿಕೊಳ್ಳಿ" ಎಂದು ಬರುತ್ತಾರೆ. ಮಧ್ಯದಲ್ಲಿ ಸೇರಿಸಿಕೊಳ್ಳಬೇಡಿ. ಹಿಂದಿನ ಅಧ್ಯಾಯಗಳನ್ನು ಅವನೊಬ್ಬನಿಗೇ ಹೇಳಿಕೊಡುವ ಹೊರೆ ಬೀಳುವುದು ನಿಮ್ಮ ವಾರದ ದಿನಗಳ ಮೇಲೆ. ಎರಡನೇ ಬ್ಯಾಚ್ ಬೇಕೆನಿಸಿದರೆ ಮುಂದಿನ ಜೂನ್‌ವರೆಗೆ ಕಾಯಿರಿ. ಆಗ ನೋಟ್ಸು, ಪ್ರಶ್ನೆಪತ್ರಿಕೆ ಕೈಯಲ್ಲಿರುತ್ತವೆ, ತಯಾರಿ ವಾರಕ್ಕೆ ಒಂದೂವರೆ ಗಂಟೆಗೆ ಇಳಿದಿರುತ್ತದೆ.