ಅರ್ಧ ಗಂಟೆ ನಿಂತರೆ ಮತ್ತೆ ಓಡುವ ವ್ಯಾನ್

ಪ್ರಶ್ನೆ: 1986ರ ಡೀಸೆಲ್ ವ್ಯಾನ್ ತಗೊಂಡು ಒಳಗೆ ಮಂಚ, ಒಲೆ, ನೀರಿನ ಟ್ಯಾಂಕ್ ಕೂಡಿಸಿದ್ದೇವೆ. ಬೆಳಿಗ್ಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತದೆ. ಬೀದರ್‌ಗೆ ಹೊರಟರೆ ಹುಮನಾಬಾದ್ ಮುಟ್ಟುವುದರೊಳಗೆ ದಮ್ಮು ಕಟ್ಟಿ ಬಂದ್. ಅರ್ಧ ಗಂಟೆ ಬಿಟ್ಟರೆ ಮತ್ತೆ ಓಡುತ್ತದೆ. ಮೆಕ್ಯಾನಿಕ್ ಡೀಸೆಲ್ ಪಂಪ್ ಬಿಚ್ಚಬೇಕು ಅಂತಾರೆ. ಬಿಚ್ಚಿಸಲಾ?
– ಓದುಗರೊಬ್ಬರು, ಕಲಬುರಗಿ

ಉತ್ತರ: ಈಗಲೇ ಬೇಡ ರೀ. ಪಂಪಿನ ಕೆಲಸ ದುಬಾರಿ, ಅದು ಕೊನೆಗಿರಲಿ. ನಿಂತಾಗ ಟೆಂಪರೇಚರ್ ಮುಳ್ಳು ಮೇಲಿದ್ದರೆ ರೇಡಿಯೇಟರ್ ಕಡೆ ನೋಡಿ, ನಮ್ಮ ಕಡೆ ಬಿಸಿಲೇನು ಕಡಿಮೆಯಾ! ಮುಳ್ಳು ಸರಿಯಿದ್ದರೆ ಎಂಜಿನ್‌ಗೆ ಡೀಸೆಲ್ ಸಿಗುತ್ತಿಲ್ಲ ಅಂತಲೇ ನನ್ನ ಅನುಮಾನ. ವರ್ಷಗಟ್ಟಲೆ ನಿಂತ ಗಾಡಿಯ ಟ್ಯಾಂಕಿನಲ್ಲಿ ತುಕ್ಕು, ಕೆಸರು ಇದ್ದೇ ಇರುತ್ತದೆ. ಓಡುವಾಗ ಅದು ಡೀಸೆಲ್ ಹೀರುವ ಪೈಪಿನ ಬಾಯಿಗೆ ಬಂದು ಅಂಟುತ್ತದೆ, ನಿಂತಾಗ ಕಳಚಿ ಕೆಳಗೆ ಬೀಳುತ್ತದೆ, ಅದಕ್ಕೇ ಅರ್ಧ ಗಂಟೆ ಬಿಟ್ಟರೆ ಮತ್ತೆ ಸ್ಟಾರ್ಟ್ ಆಗುವುದು.

ಮುಂದಿನ ಸಲ ನಿಂತ ಕೂಡಲೇ ಟ್ಯಾಂಕಿನ ಮುಚ್ಚಳ ತೆಗೆಯಿರಿ. ಜೋರಾಗಿ ಗಾಳಿ ಎಳೆದ ಸದ್ದು ಬಂದರೆ ಟ್ಯಾಂಕಿಗೆ ಗಾಳಿ ಹೋಗುವ ತೂತು ಕಟ್ಟಿದೆ, ಖರ್ಚೇ ಇಲ್ಲದ ರಿಪೇರಿ! ಇಲ್ಲವಾದರೆ ಡೀಸೆಲ್ ಫಿಲ್ಟರ್ ಬದಲಿಸಿ, ಆಮೇಲೆ ಕ್ಯಾನಿನಲ್ಲಿ ಶುದ್ಧ ಡೀಸೆಲ್ ಇಟ್ಟು, ಎಂಜಿನ್‌ಗೆ ಹೋಗುವ ಪೈಪು, ವಾಪಸ್ ಬರುವ ಪೈಪು ಎರಡನ್ನೂ ಅದಕ್ಕೇ ಬಿಟ್ಟು, ಪೈಪಿನೊಳಗಿನ ಗಾಳಿ ತೆಗೆದು ಓಡಿಸಿ ನೋಡಿ. ನಿಲ್ಲದೆ ಓಡಿತಾ? ಹಾಗಾದರೆ ಟ್ಯಾಂಕ್ ಇಳಿಸಿ ತೊಳೆಸಿ, ಹಳೇ ರಬ್ಬರ್ ಪೈಪನ್ನೂ ಬದಲಿಸಿ. ಅದರ ಬಿರುಕಿನಿಂದ ಡೀಸೆಲ್ ಹೊರಗೆ ಸೋರದಿದ್ದರೂ ಗಾಳಿ ಒಳಗೆ ಹೋಗುತ್ತದೆ. ಕ್ಯಾನಿನಲ್ಲೂ ನಿಂತರೆ ಮಾತ್ರ ಪಂಪ್ ಬಿಚ್ಚಿಸಿ.