ವಾಚನ್ನು ಬಲಗೈಗೇ ಕಟ್ಟಿ, ಪರವಾಗಿಲ್ಲ. ಕೀ ಕೊಡುವಾಗ ಮಾತ್ರ ಬಿಚ್ಚಿ

ಕೈಯಲ್ಲಿ ಕಟ್ಟಿಕೊಂಡೇ ಕೀ ಕೊಡುತ್ತಿರುವ ನಿಮ್ಮ ವಿಡಿಯೊ ನೋಡಿ ಸುಮ್ಮನಿರಲು ಆಗಲಿಲ್ಲ. ತಾತನ ಎಚ್‌ಎಂಟಿ ಜನತಾ, ನೀವು ಎಡಚರು, ಅದಕ್ಕೆ ಬಲಗೈಗೆ ಕಟ್ಟಿದ್ದೀರಿ. ಕೇಳಿರುವುದು ಎರಡು ಪ್ರಶ್ನೆ. ಬಲಗೈಗೆ ಕಟ್ಟುವುದು ತಪ್ಪಾ? ತಾತ ಕಟ್ಟುತ್ತಿದ್ದಾಗ ಸರಿಯಾಗಿದ್ದ ವಾಚು ಈಗ ಯಾಕೆ ದಿನಾ ಇಪ್ಪತ್ತು ಸೆಕೆಂಡು ಮುಂದೆ ಓಡುತ್ತಿದೆ? ಇಲ್ಲಿ ಬಂದಿರುವ ಉತ್ತರಗಳೆಲ್ಲ ಮೊದಲನೆಯದರ ಮೇಲೇ ಜಗಳ ಆಡುತ್ತಿವೆ. ಆ ವಿಡಿಯೊ ಯಾರೂ ಪೂರ್ತಿ ನೋಡಲಿಲ್ಲವಾ?

ಮೊದಲು ಆ ವಿಡಿಯೊದ ವಿಷಯ. ಮಣಿಕಟ್ಟಿನ ಮೇಲಿರುವ ವಾಚಿನ ಕೀ ಚರ್ಮಕ್ಕೆ ಅಂಟಿಕೊಂಡಿರುತ್ತದೆ, ಕೆಳಗಡೆಯಿಂದ ಬೆರಳು ಹೋಗುವುದಿಲ್ಲ. ಹಾಗಾಗಿ ಮೇಲಿನಿಂದಷ್ಟೇ ಉಜ್ಜಿ ತಿರುಗಿಸುತ್ತೀರಿ. ಕೀಯನ್ನು ಒಳಗಿನ ಯಂತ್ರಕ್ಕೆ ಸೇರಿಸುವ ಸ್ಟೆಮ್ ಮೇಲೆ ಪಕ್ಕದ ಒತ್ತಡ ಬೀಳುತ್ತದೆ. ಅದು ಸೂಜಿಯಷ್ಟು ಸಣ್ಣ ಕಡ್ಡಿ, ತಿರುಗುವುದಕ್ಕೆ ಮಾಡಿದ್ದು, ಬಾಗುವುದಕ್ಕಲ್ಲ. ಬಲಗೈಗೆ ಕಟ್ಟಿದರೆ ಕೀ ಮೊಣಕೈ ಕಡೆಗೆ ತಿರುಗಿರುತ್ತದೆ, ಎಡಗೈ ಮೇಲಿಂದ ಅಡ್ಡಡ್ಡ ಬರಬೇಕು, ಇನ್ನೂ ಕೆಟ್ಟದ್ದು. ನನ್ನದೊಂದು ಎಚ್‌ಎಂಟಿ ಪೈಲಟ್‌ನ ಕೀ ಹೀಗೆಯೇ ಮುರಿದು ಬೆರಳಿಗೆ ಬಂತು. ಸ್ಟೆಮ್ ಬೇರೆ ಹಾಕಿಸಬಹುದು, ಅದೇನೂ ದೊಡ್ಡ ಖರ್ಚಲ್ಲ. ಆದರೆ ಕೇಸಿನಲ್ಲಿ ಸ್ಟೆಮ್ ಹೋಗುವ ತೂತು ಸವೆದು ಅಗಲವಾದರೆ ಧೂಳು, ಬೆವರು ಎಲ್ಲ ನೇರವಾಗಿ ಒಳಗೆ. ಆಗ ರಿಪೇರಿಯವರು ಕೈಚೆಲ್ಲುತ್ತಾರೆ.

ಬಿಚ್ಚಿ ಕೀ ಕೊಡಿ. ನೀವು ಎಡಚರಾದ್ದರಿಂದ ಹೀಗೆ ಮಾಡಿ: ವಾಚನ್ನು ತಲೆಕೆಳಗೆ, 6 ಮೇಲೆ ಬರುವಂತೆ ಬಲಗೈಯಲ್ಲಿ ಹಿಡಿಯಿರಿ. ಕೀ ತಾನಾಗೇ ಎಡಕ್ಕೆ ಬರುತ್ತದೆ. ಹೆಬ್ಬೆಟ್ಟು ಡಯಲ್ ಕಡೆ ಇರಲಿ, 12ರ ಕಡೆಗೆ ಸರಿಯಲಿ. ಅಂದರೆ ನಿಮ್ಮ ಕಡೆಗೇ ಎಳೆದುಕೊಂಡ ಹಾಗೆ. ಬಲಚರು 12 ಮೇಲೆ ಮಾಡಿ ಹಿಡಿದು ಹೆಬ್ಬೆಟ್ಟನ್ನು ಮುಂದಕ್ಕೆ ತಳ್ಳುತ್ತಾರೆ, ಎರಡೂ ಒಂದೇ ತಿರುವು. ವಾಪಸ್ ತಿರುಗಿಸುವಾಗ ಕರ್‌ಕರ್ ಅನ್ನುತ್ತದೆ, ಏನೂ ಆಗಲ್ಲ. ಬಿಗಿ ಸಿಕ್ಕ ತಕ್ಷಣ ನಿಲ್ಲಿಸಿ. "ಇನ್ನೊಂದು ಸುತ್ತು" ಬೇಡ. ಬೆಳಿಗ್ಗೆ ಒಂದೇ ಹೊತ್ತಿಗೆ ಕೊಡಿ. ರಾತ್ರಿ ಕೊಡುವವರೂ ಇದ್ದಾರೆ, ನನಗೆ ಬೆಳಿಗ್ಗೆಯೇ ಸರಿ. ಓಡಾಡುವ ಹೊತ್ತಿನಲ್ಲಿ ಸ್ಪ್ರಿಂಗ್ ತುಂಬಿರುತ್ತದೆ.

ಯಾವ ಕೈ ಅನ್ನುವುದಕ್ಕೆ ಬರೋಣ. ಮೇಲೆ ಒಬ್ಬರು "ಗಂಡಸರು ಎಡಕ್ಕೆ, ಹೆಂಗಸರು ಬಲಕ್ಕೆ, ಇದೇ ನಿಯಮ" ಅಂತ ಬರೆದಿದ್ದಾರೆ. ಸ್ವಾಮಿ, ಯಾವ ನಿಯಮ? ಗಂಡಸರೆಲ್ಲ ಜೇಬಿನಲ್ಲಿ ಗಡಿಯಾರ ಇಟ್ಟುಕೊಳ್ಳುತ್ತಿದ್ದ ಕಾಲದಲ್ಲಿ ಕೈಗಡಿಯಾರ ಹೆಂಗಸರ ಒಡವೆಯ ಲೆಕ್ಕದಲ್ಲಿತ್ತು. ಮೊದಲ ಮಹಾಯುದ್ಧದಲ್ಲಿ ಸೈನಿಕರಿಗೆ ಜೇಬಿಗೆ ಕೈ ಹಾಕುವಷ್ಟು ಪುರುಸೊತ್ತು ಇರಲಿಲ್ಲ, ಅಲ್ಲಿಂದ ಗಂಡಸರ ಕೈಗೂ ಬಂತು. ಹೆಚ್ಚಿನ ಜನ ಬಲಗೈಯಲ್ಲಿ ಕೆಲಸ ಮಾಡುತ್ತಾರೆ, ಪೆಟ್ಟು ಬೀಳದಿರಲಿ ಅಂತ ಎಡಕ್ಕೆ ಕಟ್ಟುತ್ತಾರೆ. ಬಲಗೈಗೆ ಸುಲಭವಾಗಿ ಸಿಗಲಿ ಅಂತ ಕೀ 3ರ ಪಕ್ಕದಲ್ಲಿದೆ. ಅಷ್ಟೇ ಕಥೆ. ನೂರರಲ್ಲಿ ಹತ್ತು ಜನ ಎಡಚರು, ಅವರಿಗೆ ಬಲಗೈಯೇ ಸಹಜ. ಬಳೆ ತುಂಬಿದ ಕೈಗೆ ವಾಚು ಕಟ್ಟಿದರೆ ಗ್ಲಾಸಿನ ಮೇಲೆ ಗೀರು ಬೀಳುತ್ತದೆ, ಅದಕ್ಕೆ ಹೆಂಗಸರು ಖಾಲಿ ಕೈಗೆ ಕಟ್ಟುತ್ತಾರೆ. ಯಾವ ಕೈ ಖಾಲಿಯೋ ಅದು. ಡಯಲ್ ಮಣಿಕಟ್ಟಿನ ಒಳಗಡೆ ಬರುವಂತೆ ಕಟ್ಟುತ್ತಿದ್ದ ಟೀಚರುಗಳು ನಿಮಗೂ ನೆನಪಿರಬಹುದು. ಸ್ಟೇರಿಂಗ್ ಹಿಡಿಯುವವರಿಗೂ ಅದು ಅನುಕೂಲ, ಕೈ ತಿರುಗಿಸದೆ ಟೈಮ್ ಕಾಣುತ್ತದೆ. ಬಕಲ್ ಮಾತ್ರ ಹೊರಗೆ ಬಂದು ಎಲ್ಲದಕ್ಕೂ ತಗುಲುತ್ತದೆ.

ಬಲಚರಾಗಿದ್ದೂ ಬಲಗೈಗೆ ಕಟ್ಟುವವರಿಗೂ ಕಾರಣ ಇದೆ. ದಪ್ಪ ವಾಚನ್ನು ಎಡಕ್ಕೆ ಕಟ್ಟಿ ಕೈ ಹಿಂದಕ್ಕೆ ಬಗ್ಗಿಸಿದರೆ ಕೀ ಅಂಗೈ ಹಿಂಭಾಗಕ್ಕೆ ಚುಚ್ಚುತ್ತದೆ. ಬಲಕ್ಕೆ ಕಟ್ಟಿದರೆ ಆ ಕಾಟ ಇಲ್ಲ.

ಈಗ ಇಪ್ಪತ್ತು ಸೆಕೆಂಡಿನ ವಿಷಯ. ಇದನ್ನು ಬರೆಯುವುದಕ್ಕೇ ಕೂತಿದ್ದು. "ರೆಗ್ಯುಲೇಟ್ ಮಾಡಿಸಿ", ಅಂದರೆ ಒಳಗಿನ ವೇಗ ಹೊಂದಿಸಿ ಅಂತ ಸಲಹೆ ಕೊಟ್ಟವರು ಸ್ವಲ್ಪ ತಡೆಯಿರಿ. ಎಡಗೈಗೆ ಕಟ್ಟಿ ಕೈ ಇಳಿಬಿಟ್ಟರೆ 3ರ ಕಡೆ ನೆಲಕ್ಕೆ ಬರುತ್ತದೆ, ಅಂದರೆ ಕೀ ಕೆಳಗೆ. ಬಲಗೈಗೆ ಕಟ್ಟಿ ಇಳಿಬಿಟ್ಟರೆ ಕೀ ಮೇಲೆ. ಕೀಲಿಯ ವಾಚು ಪ್ರತಿ ಭಂಗಿಯಲ್ಲೂ ಒಂದೊಂದು ವೇಗದಲ್ಲಿ ಓಡುತ್ತದೆ. ವಾಚಿನ ಲಯ ಹಿಡಿಯುವ ಬ್ಯಾಲೆನ್ಸ್ ಚಕ್ರದ ತೂಕ ಸುತ್ತಲೂ ಒಂದೇ ಸಮ ಇರುವುದು ಕಷ್ಟ, ವಾಚು ನೆಟ್ಟಗೆ ನಿಂತ ಭಂಗಿಯಲ್ಲಿ ಆ ವ್ಯತ್ಯಾಸ ಎದ್ದು ಕಾಣುತ್ತದೆ. ನಿಮ್ಮ ತಾತ ಎಡಕ್ಕೆ ಕಟ್ಟುತ್ತಿದ್ದರು ಅಂದಿರಿ. ಅವರ ರಿಪೇರಿಯವರು ಅವರ ಕೈಗೆ ತಕ್ಕಂತೆ ಕೂರಿಸಿರಬೇಕು. ನೀವು ಕೈ ಬದಲಾಯಿಸಿದಿರಿ, ಲೆಕ್ಕವೂ ಬದಲಾಯಿತು.

ಹಾಗಾಗಿ ಕೇಸ್ ತೆಗೆಸುವ ಮೊದಲು ರಾತ್ರಿ ಇಡುವ ಭಂಗಿ ಬದಲಾಯಿಸಿ ನೋಡಿ. ನನ್ನ ಕೀಲಿ ವಾಚುಗಳಿಗೆಲ್ಲ ಇದೇ ಔಷಧಿ. ಪೂರ್ತಿ ಕೀ ಕೊಟ್ಟು ಫೋನಿನ ಟೈಮಿಗೆ ಹೊಂದಿಸಿ. ಆಮೇಲೆ ಮುಳ್ಳು ಮುಟ್ಟಬೇಡಿ. ರಾತ್ರಿ ಬಿಚ್ಚಿದ ತಕ್ಷಣ ಎಷ್ಟು ಮುಂದಿದೆ, ಬೆಳಿಗ್ಗೆ ಎಷ್ಟು ಮುಂದಿದೆ, ಎರಡನ್ನೂ ಬರೆದುಕೊಳ್ಳಿ. ಹಗಲಿನದು ನಿಮ್ಮ ಕೈಯ ಲೆಕ್ಕ, ರಾತ್ರಿಯದು ಮೇಜಿನ ಲೆಕ್ಕ. ಒಂದಷ್ಟು ರಾತ್ರಿ ಡಯಲ್ ಮೇಲೆ ಮಾಡಿ ಮಲಗಿಸಿ, ಆಮೇಲೆ ಕೀ ಮೇಲೆ ಮಾಡಿ ಗೋಡೆಗೆ ಒರಗಿಸಿ, ಆಮೇಲೆ ಕೀ ಕೆಳಗೆ. ಕೀ ಕೆಳಗೆ ಮಾಡುವಾಗ ಭಾರವೆಲ್ಲ ಅದರ ಮೇಲೆ ಬೀಳದಂತೆ ಮಡಚಿದ ಬಟ್ಟೆ ಇಡಿ. ಯಾವುದಾದರೂ ಒಂದರಲ್ಲಿ ರಾತ್ರಿ ಹಿಂದೆ ಬೀಳಬಹುದು. ಹಗಲು ಹೆಚ್ಚಾದದ್ದನ್ನು ಅದು ತಿನ್ನುತ್ತದೆ. ಯಾವ ಭಂಗಿ ಅಂತ ನಾನು ಹೇಳಲಾರೆ, ಒಂದು ಜನತಾದಲ್ಲಿ ಇದ್ದದ್ದು ಪಕ್ಕದ ಇನ್ನೊಂದು ಜನತಾದಲ್ಲಿ ಇರಲ್ಲ.

ಇದು ನಡೆಯುವುದು ಸೆಕೆಂಡುಗಳ ಲೆಕ್ಕದಲ್ಲಿ ಮಾತ್ರ. ವಾಚು ಸರ್ವಿಸ್ ಕಾಣದೆ ಎಣ್ಣೆ ಒಣಗಿದ್ದರೆ ಏನು ಮಾಡಿದರೂ ಒಂದು ದಿನದಂತೆ ಇನ್ನೊಂದು ದಿನ ಇರಲ್ಲ, ಮೊದಲು ಸರ್ವಿಸ್. ದಿಢೀರನೆ ನಿಮಿಷಗಟ್ಟಲೆ ಮುಂದೆ ಓಡಿದರೆ ಅಯಸ್ಕಾಂತ ಹಿಡಿದಿರಬಹುದು. ಸಣ್ಣ ದಿಕ್ಸೂಚಿ ಹತ್ತಿರ ಹಿಡಿಯಿರಿ, ಸೂಜಿ ಅಲ್ಲಾಡಿದರೆ ಅನುಮಾನ ಪಡಬೇಕಾದ್ದೇ. ಡಿಮ್ಯಾಗ್ನೆಟೈಸ್ ಮಾಡುವುದು ರಿಪೇರಿ ಅಂಗಡಿಯಲ್ಲಿ ನಿಮಿಷದ ಕೆಲಸ. ಫೋಟೊದಲ್ಲಿ ನಿಮ್ಮ ಎಡಗೈಯಲ್ಲಿ ಸ್ಮಾರ್ಟ್‌ವಾಚೂ ಕಾಣುತ್ತಿದೆ. ಅದರ ಚಾರ್ಜರ್‌ನಲ್ಲಿ ಅಯಸ್ಕಾಂತ ಇರುತ್ತದೆ, ಇಯರ್‌ಬಡ್ ಡಬ್ಬಿಯಲ್ಲೂ ಇರುತ್ತದೆ. ರಾತ್ರಿ ಜನತಾವನ್ನು ಅವುಗಳ ಪಕ್ಕ ಇಡಬೇಡಿ. ಇನ್ನೊಂದು, ಜನತಾದಲ್ಲಿ ಕೀ ಎಳೆದರೂ ಸೆಕೆಂಡ್ ಮುಳ್ಳು ನಿಲ್ಲಲ್ಲ. ಕೀ ಎಳೆದು, ಹಿಂದಕ್ಕೆ ತಿರುಗಿಸುವಂತೆ ಒತ್ತಿ ಹಿಡಿದು ಮುಳ್ಳು ನಿಲ್ಲಿಸುವ ಆಟ ಯೂಟ್ಯೂಬ್‌ನಲ್ಲಿ ತೋರಿಸುತ್ತಾರೆ. ತಾತನ ವಾಚಿನ ಮೇಲೆ ಅದೆಲ್ಲ ಬೇಡ.

ಸ್ಮಾರ್ಟ್‌ವಾಚಿನ ಸೆಟ್ಟಿಂಗ್‌ನಲ್ಲಿ ಯಾವ ಕೈ ಅಂತ ಕೇಳುತ್ತದೆ, ಅದನ್ನು ಸರಿಯಾಗಿ ಹಾಕಿ. ಆಪಲ್‌ನದಾದರೆ ಕೈ ಮತ್ತು ಕ್ರೌನ್ (ಪಕ್ಕದ ತಿರುಗಣೆ) ಬರುವ ಬದಿ ಎರಡನ್ನೂ ಬದಲಾಯಿಸಬಹುದು, ಪರದೆಯೂ ತಿರುಗುತ್ತದೆ. ಎಡಚರ ಮಟ್ಟಿಗೆ ಅವರು ಒಳ್ಳೆಯ ಕೆಲಸ ಮಾಡಿದ್ದಾರೆ.

ಎಡಚರಿಗೆಂದೇ ವಾಚು ಕೊಳ್ಳಬೇಕಾ ಅಂತ ಯಾರೋ ಕೇಳಿದ್ದರು. ಕೀ 9ರ ಕಡೆ ಇರುವವನ್ನು ಡೆಸ್ಟ್ರೊ ಅನ್ನುತ್ತಾರೆ. ಪ್ಯಾನೆರಾಯ್ ಮಾಡುತ್ತದೆ, ಟ್ಯೂಡರ್‌ನದು ಪೆಲಾಗೊಸ್ ಎಲ್‌ಎಚ್‌ಡಿ ಬಂದಿತ್ತು, ರೋಲೆಕ್ಸ್ 2022ರಲ್ಲಿ ಹಸಿರು-ಕಪ್ಪು ಜಿಎಂಟಿ ಮಾರುಕಟ್ಟೆಗೆ ಬಿಟ್ಟಿತು. ಬೆಲೆ ನೋಡಿ ನೀರು ಕುಡಿಯಿರಿ. ನನ್ನ ಕೇಳಿದರೆ ಕೀ 4ರ ಕಡೆ ಇರುವ ಸೈಕೊ 5 ಸಾಕು, ಯಾವ ಕೈಗೂ ಚುಚ್ಚಲ್ಲ, ಕೈ ಆಡಿದಂತೆ ಸ್ಪ್ರಿಂಗ್ ತಾನೇ ತುಂಬುವ ಆಟೊಮ್ಯಾಟಿಕ್ ಆದ್ದರಿಂದ ದಿನಾ ಕೀ ಮುಟ್ಟಬೇಕಾಗಿಯೂ ಇಲ್ಲ. ಆಫೀಸಿನಲ್ಲಿ ಕೂತೇ ಇರುವವರು ಎಡಕ್ಕೆ ಕಟ್ಟಿ "ರಾತ್ರಿ ನಿಂತುಹೋಗುತ್ತದೆ" ಅಂತ ಗೋಳಾಡುತ್ತಾರೆ. ಅವರು ಒಂದಷ್ಟು ದಿನ ಜಾಸ್ತಿ ಆಡುವ ಕೈಗೆ ಕಟ್ಟಿ ನೋಡಲಿ. ಟೈಟಾನ್, ಸೊನಾಟಾದ ಬ್ಯಾಟರಿಯಲ್ಲಿ ಓಡುವ ಕ್ವಾರ್ಟ್ಜ್‌ನವರು ಈ ಇಡೀ ಚರ್ಚೆ ಬಿಟ್ಟು ಮಲಗಬಹುದು.

ನಿಮ್ಮ ಬೆಲ್ಟ್ ಬಗ್ಗೆ ಒಂದು ಮಾತು. ಆ ಚರ್ಮದ ಬೆಲ್ಟು ಮಳೆಗಾಲ ತಡೆಯಲ್ಲ. ಒಳಗೆ ಬೆವರು ಕುಡಿದು ಕಪ್ಪಾಗಿದೆ, ಪಿನ್ ಹತ್ತಿರ ಬಿರುಕು ಬಿಟ್ಟಿದೆ. ಒಂದೇ ಪಟ್ಟಿಯ ನೈಲಾನ್ ನೇಟೊ ಹಾಕಿ. ಒಂದು ಪಿನ್ ಕಿತ್ತುಬಂದರೂ ವಾಚು ಕೆಳಗೆ ಬೀಳಲ್ಲ. ಹಳೇ ಬೆಲ್ಟನ್ನು ತಾತನ ನೆನಪಿಗೆ ಎತ್ತಿಡಿ.

ಮತ್ತೆ, ಕೆಳಗೆ ಕಿತ್ತಳೆ ಡಯಲ್‌ನ ಪೈಲಟ್ ತೋರಿಸಿ "ಎಡಚರ ಸ್ಪೆಷಲ್" ಅಂತ ಮಾರಲು ಬಂದಿರುವವರಿಗೆ ಯಾರೂ ಮುಂಗಡ ಕಳಿಸಬೇಡಿ. ಅದು ಮೂವ್‌ಮೆಂಟನ್ನೇ (ಒಳಗಿನ ಯಂತ್ರವನ್ನೇ) ತಿರುಗಿಸಿ ಕೂರಿಸಿ, ಮೇಲೆ ಹೊಸ ಡಯಲ್ ಹಾಕಿದ ಮುಂಬೈ ಸ್ಪೆಷಲ್ ಥರ, ಅಂದರೆ ಹಳೇ ಬಿಡಿಭಾಗ ಸೇರಿಸಿ ಹೊಸದಾಗಿ ಕಾಣುವಂತೆ ಮಾಡಿದ ಮಾಲಿನ ಥರ ಕಾಣುತ್ತದೆ. ಹಿಂಬದಿ ತೆಗೆದ ಫೋಟೊ ಕೇಳಿ, ಕೊಡುತ್ತಾರಾ ನೋಡೋಣ. ನಿಮ್ಮ ಜನತಾದ್ದೂ ರಿಪೇರಿಯವರ ಹತ್ತಿರ ಹೋದಾಗ ಒಂದು ತೆಗೆಸಿ ಇಲ್ಲಿ ಹಾಕಿ. ಸ್ಟೆಮ್ ಸುತ್ತಲಿನ ಜಾಗ ಹತ್ತಿರದಿಂದ ಕಾಣುವ ಹಾಗಿರಲಿ.